ಬೆಳ್ಳವ್ವನ ಗರಿನೊಣ

ಬಹಳ ಕಾಲದ ಹಿಂದೆ, ಮೋಡಗಳೇ ಬೇಲಿಯಾಗಿದ್ದ ಶೀತಗಿರಿ ಎಂಬ ರಾಜ್ಯದಲ್ಲಿ ದುಗ್ಗ ಎಂಬ ಬೆಸ್ತನಿದ್ದ. ಅಲ್ಲಿನ ತಣ್ಣೊಳೆಯ ಚುಕ್ಕೆಮೀನುಗಳಿಗೆ ಬಲು ಕೊಬ್ಬು. ಎರೆಹುಳವನ್ನು ಮೂಸಿಯೂ ನೋಡುತ್ತಿರಲಿಲ್ಲ. ನೀರ ಮೇಲೆ ಕೂರುವ ನೊಣಗಳನ್ನೇ ಹಾರಿ ಹಿಡಿಯುತ್ತಿದ್ದವು. ಅದಕ್ಕೇ ಗಾಳದ ಕೊಕ್ಕೆಗೆ ಹಕ್ಕಿಗರಿ ಇಟ್ಟು, ರೇಷ್ಮೆ ಎಳೆ ಸುತ್ತಿ, ಸುಳ್ಳು ನೊಣ ಕಟ್ಟಬೇಕು. ಗರಿನೊಣ ಅಂತ ಅದರ ಹೆಸರು.

ಅದನ್ನು ಕಟ್ಟುವವಳು ದುಗ್ಗನ ಹೆಂಡತಿ ಬೆಳ್ಳವ್ವ. ಗಂಟು ಬಿಗಿದು, ಮಿಕ್ಕ ಎಳೆಯನ್ನು ಹಲ್ಲಿನಿಂದ ಕಟುಕ್ಕನೆ ಕಡಿದಳೆಂದರೆ ನಿಜವಾದ ನೊಣವೂ ನಾಚಬೇಕು! ದುಗ್ಗ ಕಟ್ಟಿದ್ದಕ್ಕೆ ಮಾತ್ರ ಎಳೆ ಬಾಲದ ಹಾಗೆ ನೇತಾಡುತ್ತಿತ್ತು. ಅದನ್ನು ಕಂಡರೆ ಬೆಳ್ಳವ್ವನಿಗೆ ಮೈಯೆಲ್ಲ ಉರಿ. ಗಂಡನ ಅಂಗಿಯಲ್ಲಿ ಒಂದು ನೂಲು ಜೋತಾಡಿದರೂ ಹಿಡಿದೆಳೆದು ಕಡಿಯದೆ ಬಿಡುವ ಹೆಂಗಸಲ್ಲ ಅವಳು.

ದಿನದ ಮೊದಲ ಮೀನನ್ನು ಹೊಳೆಗೇ ಬಿಡಬೇಕು ಅನ್ನುವುದು ಅಲ್ಲಿನ ಕಟ್ಟಳೆ. ಒಂದು ಬೆಳಗ್ಗೆ ದುಗ್ಗನ ಮೊದಲ ಗಾಳಕ್ಕೇ ಮೊಳದುದ್ದದ ಮೀನು ಸಿಕ್ಕಿತು. 'ಇಂಥದ್ದನ್ನ ಬಿಟ್ಟವನು ಬೆಪ್ಪ' ಅಂದುಕೊಂಡು ಅದನ್ನು ಬುಟ್ಟಿಗೆ ಹಾಕಿ, ಬುಟ್ಟಿಯನ್ನು ದಡದ ನೀರಲ್ಲಿ ಅದ್ದಿಟ್ಟ. ಆಸೆಗೆ ಬಿದ್ದವನಿಗೆ ಬುದ್ಧಿ ಎಲ್ಲಿಂದ ಬರಬೇಕು? ಬುತ್ತಿ ತಂದಿದ್ದ ಬೆಳ್ಳವ್ವ "ಬಿಡ್ರೀ ಅದನ್ನ!" ಅಂತ ಕೂಗುವಷ್ಟರಲ್ಲಿ ಮಡುವಿನಿಂದ ಮಾಂತ್ರಿಕ ಕಂಕಾಳ ಎದ್ದು ಬಂದ. ಕಟ್ಟಳೆ ಮುರಿಯುವವರಿಗಾಗಿಯೇ ಕಾದು ಕೂತಿದ್ದ ಖದೀಮ ಅವನು.

"ಹೊಳೆಯ ಮೀನು ನಿನಗೆ, ನಿನ್ನ ಹೆಂಡತಿ ಹೊಳೆಗೆ," ಅಂದು ಕೈ ಬೀಸಿದ. ಬೆಳ್ಳವ್ವ ಚುಕ್ಕೆಮೀನಾಗಿ ನೀರಿಗೆ ಬಿದ್ದಳು. ಬುತ್ತಿಗಂಟು ಬಂಡೆಯ ಮೇಲೆ ಉಳಿಯಿತು.

ದುಗ್ಗ ಅವನ ಕಾಲಿಗೆ ಬಿದ್ದು ಅತ್ತ. ಕಂಕಾಳ ಗಹಗಹಿಸಿದ. "ಹೊತ್ತು ಮುಳುಗೋದರೊಳಗೆ ಮೂರೇ ಸಲ ನೊಣ ಎಸಿ. ಅವಳು ಬಾಯಿ ಹಾಕಿದರೆ ಕರಕೊಂಡು ಹೋಗು, ನಾನೇ ನೊಣ ಆಗ್ತೀನಿ! ಹಾಕದಿದ್ರೆ ಅವಳು ಸಾಯೋ ತನಕ ಮೀನೇ."

ದುಗ್ಗ ಮಡುವಿಗೆ ಇಣುಕಿದ. ನೂರಾರು ಮೀನು. ಎಲ್ಲಕ್ಕೂ ಅದೇ ಚುಕ್ಕೆ, ಅದೇ ಬಾಲ, ಅದೇ ಮುಖ. ಅಯ್ಯೋ ಶಿವನೇ, ತಾಳಿ ಕಟ್ಟಿದ ಹೆಂಡತಿಯ ಗುರುತೇ ಸಿಗುತ್ತಿಲ್ಲವಲ್ಲ! ನೋಡಿದಷ್ಟೂ ಅವನ ತಲೆ ಗಿರ್ರೆಂದಿತು.

ಮಧ್ಯಾಹ್ನದ ಹೊತ್ತಿಗೆ ಒಂದು ಮೀನಿನ ಮೂಗಿನ ಮೇಲೆ ಕೆಂಪು ಚುಕ್ಕೆ ಕಂಡಿತು. ಅವಳ ಮೂಗುತಿಯೇ! ದುಗ್ಗ ಕಂದು ಗರಿನೊಣ ಎಸೆದ. ಗಬಕ್ಕನೆ ಸಿಕ್ಕಿತು.

"ಬೆಳ್ಳೀ, ನೀನೇನಾ?"

"ಬೆಳ್ಳಿನೂ ಅಲ್ಲ ಬಂಗಾರನೂ ಅಲ್ಲ, ನಾನು ಗಂಡು ಮಾರಾಯ," ಅಂದಿತು ಮೀನು. "ಮೊದಲು ಕೊಕ್ಕೆ ಬಿಡಿಸು."

ಬಿಸಿಲು ಇಳಿಯಿತು. ಇನ್ನೊಂದು ಮೀನು ಬುತ್ತಿಗಂಟನ್ನೇ ನೋಡುತ್ತ ನಿಂತಿತ್ತು. ಇವಳೇ ಸರಿ! ಹಳದಿ ಗರಿನೊಣ ಎಸೆದ. ಅದೂ ಸಿಕ್ಕಿತು.

"ನಾನು ಹುಟ್ಟಾ ಮೀನು ಕಣಪ್ಪ," ಅಂದಿತು ಅದು. "ರೊಟ್ಟಿ ಚೂರು ಬೀಳುತ್ತೇನೋ ಅಂತ ಕಾಯ್ತಿದ್ದೆ."

ದುಗ್ಗ ತಲೆ ಮೇಲೆ ಕೈ ಹೊತ್ತು ಕೂತ. ಆಗ ನೆನಪಾಯಿತು. ಎರಡು ಸಲವೂ ಒಂದು ಮೀನು ನೊಣದ ಹತ್ತಿರ ಬಂದು, ನೋಡಿ, ಮುಖ ತಿರುಗಿಸಿ ಹೋಗಿತ್ತು. ಅಯ್ಯೋ ಪೆದ್ದೇ! ಬೆಳ್ಳವ್ವ ತಾನೇ ಕಟ್ಟಿದ ಸುಳ್ಳು ನೊಣಕ್ಕೆ ಬಾಯಿ ಹಾಕುತ್ತಾಳೆಯೇ? ಅವಳೇನೋ ಅದೇ ಮೀನು. ಆದರೆ ಯಾವ ನೊಣಕ್ಕೂ ಬಾಯಿ ಹಾಕದವಳನ್ನು ಹಿಡಿಯುವುದು ಹೇಗೆ? ಒಂದು ಗಂಟು ಬಿಚ್ಚಿದರೆ ಇನ್ನೊಂದು ಗಂಟು.

ಕಣ್ಣೊರೆಸಿಕೊಳ್ಳಲು ತೋಳೆತ್ತಿದ. ಅಂಗಿಯ ತೋಳಿನಲ್ಲಿ ಒಂದು ನೂಲು ಜೋತಾಡುತ್ತಿತ್ತು.

ದುಗ್ಗ ದಡಬಡಿಸಿ ಎದ್ದ. ಕೊಕ್ಕೆ ಬೇಡ, ಅವಳ ತುಟಿಗೆ ನೋವಾದೀತು. ಒಂದು ಕಡ್ಡಿಗೆ ಗರಿ ಇಟ್ಟು ತನ್ನ ಕೈಯಾರೆ ಎಳೆ ಸುತ್ತಿದ. ಎಂದಿನ ಹಾಗೆ ಗಂಟು ಸೊಟ್ಟಗಾಯಿತು; ಎಳೆ ಗೇಣುದ್ದ ನೇತಾಡಿತು.

"ಇದೇನು ನೊಣವೋ, ಸವೆದ ಪೊರಕೆಯೋ?" ಅಂತ ಕಂಕಾಳ ಹೊಟ್ಟೆ ಹಿಡಿದುಕೊಂಡು ನಕ್ಕ.

ದುಗ್ಗ ಎಸೆದ. ಆ ರೂಪಕ್ಕೆ ಹೆದರಿ ಮೀನುಗಳೆಲ್ಲ ಚೆದುರಿದವು. ಒಂದು ಮಾತ್ರ ಉಳಿಯಿತು. ನೋಡಿತು. ಹೋಯಿತು. ತಡೆಯಲಾರದೆ ತಿರುಗಿ ಬಂತು. ಜೋತಾಡುವ ಎಳೆಗೆ ಬಾಯಿ ಹಾಕಿ, ಕಟುಕ್!

ಸೊಂಟಮಟ್ಟದ ನೀರಲ್ಲಿ, ಹಲ್ಲಲ್ಲಿ ಎಳೆ ಕಚ್ಚಿಕೊಂಡು ಬೆಳ್ಳವ್ವ ನಿಂತಿದ್ದಳು. "ಅಲ್ಲಾ ಕಣ್ರೀ, ಇಷ್ಟು ವರ್ಷಕ್ಕೂ ಒಂದು ಗಂಟು ಹಾಕೋಕೆ ಬರಲ್ವಾ ನಿಮಗೆ? ಮೊದಲು ಆ ಮೀನು ಬಿಡಿ!"

ಕಂಕಾಳನಿಗೆ ಆಗಲೇ ರೆಕ್ಕೆ ಮೂಡಿತ್ತು. ಅವನು ನೊಣವಾಗಿ ಗುಂಯ್ ಎನ್ನುತ್ತ ನೀರ ಮೇಲೆ ಹಾರಿದ. ದುಗ್ಗ ಬುಟ್ಟಿ ತೆರೆದ. ಮೊಳದುದ್ದದ ಮೀನು ಛಂಗನೆ ನೆಗೆದು ಅವನನ್ನು ನುಂಗಿಕೊಂಡು ಹೋಯಿತು.

ಅಂದಿನಿಂದ ಹೊಳೆಯೂ ತಣ್ಣಗೆ, ಊರೂ ತಣ್ಣಗೆ, ಗಂಡ ಹೆಂಡಿರ ಹೊಟ್ಟೆಯೂ ತಣ್ಣಗೆ. ದುಗ್ಗ ಇಂದಿಗೂ ಗರಿನೊಣ ಕಟ್ಟಿದರೆ ಎಳೆ ನೇತಾಡುತ್ತದೆ. ಬೆಳ್ಳವ್ವ ಬಯ್ಯುತ್ತ ಬಂದು ಕಡಿಯುತ್ತಾಳೆ. ಅವನಿಗೆ ಕಟ್ಟುವುದು ಬರುವುದಿಲ್ಲವೇ ಅಂತ ಕೇಳಬೇಡಿ. ಎಂದೋ ಕಲಿತಿದ್ದಾನೆ.