ಹೊಳಲ್ಕೆರೆಯ ಮಳೆ

೧೯೭೮ರ ಆಗಸ್ಟ್ ೨೨ರ ಬೆಳಿಗ್ಗೆ ಚಿತ್ರದುರ್ಗದ ಠಾಣೆಗೆ ಸರ್ಕಾರದ ಭವಿಷ್ಯಕ್ಕೇ ಸಂಬಂಧಿಸಿದ ದೂರೊಂದು ಬಂತು: ಒಂದು ಸುರುಳಿ ಕಾಗದದ ಪಟ್ಟಿ ಕಳುವಾಗಿತ್ತು.

"ತೂತು ಬಿದ್ದ ಕಾಗದಕ್ಕೆ ಎಫ್‌ಐಆರ್ ಬೇಕೇನ್ರಿ?" ಇನ್ಸ್‌ಪೆಕ್ಟರ್ ಶಿವಕುಮಾರಪ್ಪ ಕೇಳಿದರು.

"ಆ ತೂತಿನಾಗೇ ಐತ್ರಿ ಲೆಕ್ಕ," ಎಂದರು ಮಳೆ ಅಂಕಿಅಂಶದ ಅಧಿಕಾರಿ ಮುರುಗೇಶಪ್ಪ. ಪಟ್ಟಿಯನ್ನು ಕಚೇರಿಯ ಗಣಕಯಂತ್ರಕ್ಕೆ ಓದಿಸಿ ಎರಡು ಊರಿನ ಹೆಸರು ಟೈಪ್ ಮಾಡಿದರೆ, ಅವುಗಳ ಮಳೆ ಎಷ್ಟು ಜೊತೆಯಾಗಿ ಏರಿಳಿಯುತ್ತದೆಂದು ಯಂತ್ರ ಒಂದೇ ಅಂಕಿಯಲ್ಲಿ ಹೇಳುತ್ತಿತ್ತು; ಪೂರಾ ಜೊತೆಯಾದರೆ ಒಂದು. ಒಂದೂರಿನ ಮಳೆಯಿಂದ ಇನ್ನೊಂದೂರಿನದನ್ನು ಅಂದಾಜಿಸುವ ಗೆರೆಯನ್ನೂ ಕೊಡುತ್ತಿತ್ತು. "ನಿನ್ನೆ ಮಳೆ ಅಳೆಯೋರ ಸಭೆಯಾಗೆ ಅಂದಿದ್ದೆ. ಯಾರ ಅಂಕಿ ನಿಜ, ಯಾರದು ಸುಳ್ಳು, ನಾಳೆ ಇದೇ ಹೇಳ್ತೈತೆ ಅಂತ."

"ಕಳ್ಳನ್ನ ನೀವೇ ಕರೆಸಿ ಹೇಳಿ ಕಳಿಸೀರಿ ಅನ್ರಿ."

ಸ್ಥಳ ಪಂಚನಾಮೆ ಆಯಿತು. ಬೀಗ ಮುರಿದಿರಲಿಲ್ಲ, ಬೀಗವೇ ಇರಲಿಲ್ಲ.

ಬೆಂಗಳೂರಿನಿಂದ ಪಟ್ಟಿಯ ಇನ್ನೊಂದು ಪ್ರತಿ ಬಸ್ಸಿನಲ್ಲಿ ಬಂತು. ಹಿರಿಯೂರು, ಹೊಸದುರ್ಗಗಳ ನಡುವೆ ಯಂತ್ರ 0.71 ಎಂದಿತು. ಭರಮಸಾಗರ ಹೋಬಳಿಯ ಒಂದು ಹಳ್ಳಿಗೂ ಹೊಳಲ್ಕೆರೆಗೂ 1.00.

"ಪೂರಾ ಒಂದು ಬಂದ್ರೆ ಒಳ್ಳೇದಲ್ವಾ ಸಾರ್?" ಕಾನ್‌ಸ್ಟೇಬಲ್ ಜುಂಜಣ್ಣ ಕೇಳಿದ.

"ಒಂದೇ ಬೀದಿಯಾಗೆ ಆ ಮನೆಗೆ ಬಿದ್ದಷ್ಟು ಈ ಮನೆಗೆ ಬೀಳಲ್ಲಪ್ಪ," ಎಂದರು ಮುರುಗೇಶಪ್ಪ. "ಇದು ಮಳೆಯಲ್ಲ, ನಕಲು."

ಆ ಹಳ್ಳಿಯಲ್ಲಿ ಮಳೆ ಅಳೆಯುವವನು ಪಾಲಯ್ಯ. ಮಾಪಕ ಇದ್ದದ್ದು ಪಟೇಲರ ಹಿತ್ತಲಲ್ಲಿ, ಬಾವಿಯ ಪಕ್ಕ. ಅದರೊಳಗೆ ಕಣಜದ ಗೂಡು ಒಣಗಿತ್ತು.

"ಪಾಲಯ್ಯ ದಿನಾ ಬರ್ತಾನೇನಮ್ಮ?" ಶಿವಕುಮಾರಪ್ಪ ಕೇಳಿದರು.

ಪಟೇಲರ ತಾಯಿ ನಕ್ಕರು. "ಎಲ್ಲಾದ್ರೂ ಉಂಟೇನಪ್ಪ? ಅವನು ಕೆಳಗಿನ ಕೇರಿಯೋನು. ಬಾವಿ ಹತ್ರ ಬಿಟ್ಕೊಂತೀವಾ? ಒಂದ್ಸಲ ಬಂದಿದ್ದ, ಬುದ್ಧಿ ಹೇಳಿ ಕಳಿಸಿದ್ವಿ."

ಜುಂಜಣ್ಣ ಪಂಚನಾಮೆಯಲ್ಲಿ ಕಣಜದ ಗೂಡನ್ನು ಬರೆದುಕೊಂಡ. ಬಾವಿಯ ಮಾತಿಗೆ ಅದರಲ್ಲಿ ಜಾಗವಿರಲಿಲ್ಲ.

ಸುರುಳಿ ಪಾಲಯ್ಯನ ಟ್ರಂಕಿನಲ್ಲಿ ಸಿಕ್ಕಿತು, ಒಗೆದ ಪಂಚೆಯಲ್ಲಿ ಸುತ್ತಿಟ್ಟಿದ್ದ.

"ಒಲೆಗೆ ಹಾಕಬಹುದಿತ್ತಲ್ಲೋ?" ಎಂದರು ಶಿವಕುಮಾರಪ್ಪ.

"ಸರ್ಕಾರದ ಸಾಮಾನು ಸ್ವಾಮಿ."

"ಒಳಗೆ ಬಿಡ್ತಿಲ್ಲ ಅಂತ ಕಚೇರಿಗೆ ಹೇಳ್ಬೇಕಿತ್ತು."

"ಹೇಳಿದ್ರೆ ಡಬ್ಬಿ ಜಾಗ ಬದಲಾಗ್ತಿತ್ತಾ, ಆಳು ಬದಲಾಗ್ತಿದ್ನಾ? ನಮ್ಮ ಕೇರಿಗೆಲ್ಲ ಇದೊಂದೇ ನೌಕರಿ ಸ್ವಾಮಿ."

"ಅಂಕಿ ಒಂದಿಷ್ಟು ಆಚೀಚೆ ಮಾಡಿದ್ರೆ ಯಂತ್ರಕ್ಕೂ ಗೊತ್ತಾಗ್ತಿರಲಿಲ್ಲ."

ಪಾಲಯ್ಯ ಮೊದಲ ಸಲ ತಲೆ ಎತ್ತಿದ. "ಸುಳ್ಳು ಬರೆಯಾಕೆ ಮನಸ್ಸು ಬರ್ಲಿಲ್ಲ. ಹೊಳಲ್ಕೆರೆ ತಾಲೂಕು ಕಚೇರಿ ಬೋರ್ಡ್‌ನಾಗೆ ಅಲ್ಲಿನ ಮಳೆ ಅಂತ ಇದ್ದದ್ದನ್ನೇ ಬರೆದೆ. ಎಲ್ಲೋ ಒಂದ್ಕಡೆ ಬಿದ್ದ ಮಳೆ ತಾನೇ ಅದು."

ಶಿವಕುಮಾರಪ್ಪ ಆ ಮಾತನ್ನು ಹೇಳಿಕೆಯಲ್ಲಿ ಇದ್ದಂತೆಯೇ ಬರೆಸಿದರು. ಅದರಿಂದ ಏನೂ ಆಗಲಿಲ್ಲ.

ಆಗಸ್ಟ್ ೩೧ರ ಸಂಜೆ ಪಾಲಯ್ಯನನ್ನು ಕಳವಿನ ಆರೋಪದ ಮೇಲೆ ಬಂಧಿಸಲಾಯಿತು. ಕೆಲಸಕ್ಕೆ ಪಟೇಲರ ತಮ್ಮನ ಮಗ ನೇಮಕವಾದ. ಮಾಪಕ ಅಲ್ಲೇ ಇದೆ.