ಸಿಂಹಾಸನದ ಹತ್ತಿ

ಮಗ ಸತ್ತ ಸುದ್ದಿ ಕೇಳಿ ರಾಜ ಸಿಂಹಾಸನದ ಮೇಲೆ ಧೊಪ್ಪನೆ ಕುಸಿದು ಕೂರಬೇಕಾದ ದೃಶ್ಯ. ಕೂತವನೇ "ಅಯ್ಯಯ್ಯೋ!" ಎಂದು ಹಿಂಭಾಗ ಹಿಡಿದುಕೊಂಡು ಎದ್ದು ನಿಂತ. ಮೆತ್ತೆಯೊಳಗೆ ಹತ್ತಿಯೇ ಇರಲಿಲ್ಲ. ಹಲಗೆಯ ಮೊಳೆ ರಾಜನ ನಿಲುವಂಗಿಯನ್ನು ಪರ್ರನೆ ಹರಿದಿತ್ತು. ಅಳಬೇಕಾದ ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಆ ನಾಟಕ ಕಂಪನಿಯ ದರ್ಜಿಯಮ್ಮ ನಮ್ಮ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ನಮ್ಮ ಮನೆ ಎಂದರೆ ನನ್ನ ಅತ್ತಿಗೆಯ ಮನೆ. ಅಣ್ಣ ತೀರಿಕೊಂಡ ಮೇಲೆ ಅವರಿಗೆ ಜೊತೆಯಾಗಿರಲೆಂದು ಬಂದವನು ನಾನು. ಬಂದ ಮೇಲೆ ತಿಳಿಯಿತು, ಅವರಿಗೆ ಬೇಕಾಗಿದ್ದದ್ದು ಜೊತೆಯಲ್ಲ, ಚಹಾ ಮಾಡುವವನು. ವಿಮಾ ಕಚೇರಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದೇ ಅತ್ತಿಗೆಯ ಉದ್ಯೋಗವಾಗಿತ್ತು. ಅವರು ನಿವೃತ್ತರಾದರೂ ಅವರ ಮೂಗು ನಿವೃತ್ತವಾಗಲಿಲ್ಲ. ಬೀದಿಯಲ್ಲಿ ಏನು ಕಳೆದರೂ ಜನ ನೇರ ಇಲ್ಲಿಗೇ ಬರುತ್ತಿದ್ದರು.

"ನನ್ನ ಕಳ್ಳಿ ಅಂತಿದಾರಮ್ಮ," ಎಂದಳು ದರ್ಜಿಯಮ್ಮ. "ಮೊದಲು ಒಂದು ದಿಂಬಿನ ಹತ್ತಿ ಹೋಯ್ತು. ಇಲಿ ಅಂದ್ಕೊಂಡೆ. ಆಮೇಲೆ ರಾಣಿ ಹಾಸಿಗೆ ಅರ್ಧ ಖಾಲಿ. ಈಗ ಸಿಂಹಾಸನ. ಇವೆಲ್ಲ ಇಡೋ ಬಟ್ಟೆ ಕೋಣೆ ಬೀಗದ ಕೈ ಇರೋದು ನನ್ನ ಸೊಂಟದಲ್ಲಿ ಮಾತ್ರ. ಸಂಜೆಯೊಳಗೆ ಕಳ್ಳ ಸಿಗದಿದ್ರೆ ಗಂಟುಮೂಟೆ ಕಟ್ಟು ಅಂದಿದಾರೆ ಯಜಮಾನ್ರು. ಕಳ್ಳಿ ಅನ್ನಿಸ್ಕೊಂಡು ಹೊರಬಿದ್ರೆ ಇನ್ಯಾವ ಕಂಪನಿ ನನ್ನ ಸೇರಿಸ್ಕೊಳ್ಳುತ್ತೆ?"

"ನಿನ್ನ ಪರ ಒಬ್ಬರೂ ಬಾಯಿ ಬಿಡಲಿಲ್ವಾ?" ಎಂದರು ಅತ್ತಿಗೆ.

"ಹೊಟ್ಟೆರಾಯಣ್ಣ ಅಲ್ಲೇ ಇದ್ದ. ನನ್ನ ಕಂಪನಿಗೆ ಸೇರಿಸಿದ್ದೇ ಅವನು, ಒಡಹುಟ್ಟಿದವನ ಹಾಗೆ. 'ತಂಗಿ ಮನೆ ಹಾಸಿಗೆ ಈಗ ಮೆತ್ತಗಿರಬೇಕು' ಅಂದ. ಎಲ್ಲರೂ ನಕ್ಕರು." ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ತಮಾಷೆ ಅವನ ಕಸುಬಲ್ವಾ, ಹೋಗಲಿ ಅಂತ ಸುಮ್ನಾದೆ."

ಹೊಟ್ಟೆರಾಯ ಆ ಕಂಪನಿಯ ಹಾಸ್ಯನಟ. ಅರ್ಧ ಜನ ಬರುತ್ತಿದ್ದದ್ದೇ ಅವನ ಹೊಟ್ಟೆ ನೋಡಲು. ಅವನು ನಕ್ಕರೆ ಹೊಟ್ಟೆ ಕುಣಿಯುತ್ತಿತ್ತು, ಹೊಟ್ಟೆ ಕುಣಿದರೆ ಸಭೆಯೇ ಕುಣಿಯುತ್ತಿತ್ತು. ಈಚೆಗೆ ಮಾತ್ರ ರಂಗದ ಮೇಲೆ ಅವನು ಎಷ್ಟು ಜೋರಾಗಿ ನಕ್ಕರೂ ನನಗೆ ನಗು ಬರುತ್ತಿರಲಿಲ್ಲ. ವಯಸ್ಸಾಗಿರುವುದು ಅವನಿಗೋ ನನಗೋ ಎಂದು ಅತ್ತಿಗೆಯ ಬಳಿಯೂ ಅನುಮಾನಪಟ್ಟಿದ್ದೆ.

ಮಧ್ಯಾಹ್ನದ ಬಿಸಿಲಲ್ಲಿ ನಾವು ನಾಟಕಶಾಲೆಗೆ ಹೋದೆವು. ಬಟ್ಟೆ ಕೋಣೆಗೆ ಒಂದೇ ಬಾಗಿಲು. ಪಕ್ಕದಲ್ಲಿ ಎದೆಯೆತ್ತರಕ್ಕೆ ಒಂದು ಚಿಕ್ಕ ಕಿಂಡಿ. ಪ್ರತಿ ಸಂಜೆ ನಟರು ಸಾಲಾಗಿ ನಿಂತು ತಮ್ಮ ತಮ್ಮ ವೇಷವನ್ನು ಅದರಿಂದಲೇ ಪಡೆಯುತ್ತಿದ್ದರು. ಅದಕ್ಕೆ ಕದವಿತ್ತು, ಚಿಲಕವಿರಲಿಲ್ಲ.

"ಚಿಲಕ ಯಾಕೆ ಬೇಕು?" ಎಂದ ಯಜಮಾನ. "ಇದರಲ್ಲಿ ತೂರೋ ಮೈ ಇರೋದು ದೀಪದ ಕೆಲಸದ ಆ ಕಡ್ಡಿ ಹುಡುಗನಿಗೆ ಮಾತ್ರ. ಅವನು ಹತ್ತಿ ಹೋಗೋಕೆ ಮುಂಚಿನಿಂದಲೇ ಕಾಲು ಮುರ್ಕೊಂಡು ಆಸ್ಪತ್ರೇಲಿ ಬಿದ್ದಿದಾನೆ. ಉಳಿದ ನಮಗೆಲ್ಲ ಬಾಗಿಲೇ ಗತಿ. ಹೊಟ್ಟೆರಾಯನ ತೋಳು ತೂರಿದ್ರೆ ಹೆಚ್ಚು!"

ಅತ್ತಿಗೆ ಕಿಂಡಿಯ ಅಂಚಿನ ಮೇಲೆ ಬೆರಳಾಡಿಸಿದರು. ವೇಷಗಳು ದಾಟುವ ನಡುಭಾಗ ಸವೆದು ನುಣುಪಾಗಿರುವುದು ಸಹಜ. ಆದರೆ ಎರಡು ಪಕ್ಕದ ಚೌಕಟ್ಟಿನ ಧೂಳೂ ಮೇಲಿನವರೆಗೆ ಒರೆಸಿಹೋಗಿತ್ತು. ನೆಲದ ಮೇಲೆ ಸಿಂಹಾಸನದ ಮೆತ್ತೆಯ ಗವಸು ಬಿದ್ದಿತ್ತು. ಅಪ್ಪಟ ರೇಷ್ಮೆಯದು, ಹೊಲಿಗೆ ಬಿಚ್ಚಿದ್ದು, ಮೊಳೆ ಚುಚ್ಚಿದ್ದು ಬಿಟ್ಟರೆ ಒಂದು ಗೀರೂ ಇಲ್ಲ.

"ರೇಷ್ಮೆ ಬಿಟ್ಟು ಹಳೇ ಹತ್ತಿ ಕದಿಯೋನು ಎಂಥ ಪೆದ್ದ ಕಳ್ಳ!" ಎಂದೆ ನಾನು.

"ಪೆದ್ದ ಅಲ್ಲ, ಬೇಕಾದ್ದನ್ನ ಮಾತ್ರ ತಗೊಂಡಿದಾನೆ," ಎಂದು ಅತ್ತಿಗೆ ದರ್ಜಿಯಮ್ಮನ ಕಡೆ ತಿರುಗಿದರು. "ಹೊಸ ಹತ್ತಿಗೂ ಇದಕ್ಕೂ ಏನಮ್ಮ ವ್ಯತ್ಯಾಸ?"

"ಹೊಸದು ಉಬ್ಬಿ ನಿಲ್ಲುತ್ತೆ. ಜನ ಕೂತು ಮಲಗಿ ಒತ್ತಿದ ಹತ್ತಿ ಭಾರವಾಗಿ ಮೈಗೆ ಹೊಂದ್ಕೊಂಡು ಜೋತು ಬೀಳುತ್ತೆ."

ಅಲ್ಲಿಂದ ಹೊಟ್ಟೆರಾಯನ ಕೋಣೆಗೆ ಹೋದೆವು. ಅವನು ಫ್ಯಾನು ಆರಿಸಿ, ಕುತ್ತಿಗೆಗೆ ಮಫ್ಲರು ಸುತ್ತಿ, ಕುರ್ಚಿಯ ಮೇಲೆ ಕಂಬಳಿ ಮಡಿಸಿ ಹಾಕಿ ಕೂತಿದ್ದ. ಹೊಸದಾಗಿ ದಟ್ಟ ಗಡ್ಡ ಬಿಟ್ಟಿದ್ದ. ನಾನು ಬೆವರಿನಲ್ಲಿ ನೆನೆದು ಹೋಗಿದ್ದೆ.

"ಸ್ವಲ್ಪ ಚಳಿ," ಎಂದ. ನಮಗೆ ಬಾಳೆಹಣ್ಣು ಕೊಟ್ಟು ತಾನೂ ಒಂದು ಸುಲಿದು, ಅರ್ಧ ತಿಂದು ಬದಿಗಿಟ್ಟ. ಹಿಂದೆ ಅವನು ಗೊನೆಯನ್ನೇ ಮುಗಿಸುವುದನ್ನು ಕಣ್ಣಾರೆ ಕಂಡವನು ನಾನು. ನಮ್ಮನ್ನು ಕಳಿಸಲು ಎದ್ದಾಗ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆಯೇ ಉಳಿಯಿತು. "ನೋಡಿ, ಚಪ್ಪಲಿಗೂ ನನ್ನ ಸಹವಾಸ ಸಾಕಾಗಿದೆ!" ಎಂದು ನಕ್ಕ. ನಾನು ನಕ್ಕೆ, ಅತ್ತಿಗೆ ನಗಲಿಲ್ಲ.

ಸಂಜೆ ಆಟಕ್ಕೆ ಮೊದಲು ಅತ್ತಿಗೆ ಎಲ್ಲರನ್ನೂ ಬಟ್ಟೆ ಕೋಣೆಯಲ್ಲಿ ಸೇರಿಸಿದರು. ದರ್ಜಿಯಮ್ಮ ಆಗಲೇ ತನ್ನ ಟ್ರಂಕು ಕಟ್ಟಿಟ್ಟಿದ್ದಳು.

"ಹತ್ತಿ ತಗೊಂಡವರು ತಾವಾಗೇ ಹೇಳಿದ್ರೆ ನಾನು ಬಾಯಿ ತೆರೆಯಲ್ಲ," ಎಂದು ಅತ್ತಿಗೆ ಕಾದರು.

"ಸರಿ, ಕೇಳಿ. ಕಳ್ಳ ಬಂದದ್ದು ಕಿಂಡಿಯಿಂದ. ಬರೀ ವೇಷ ದಾಟಿದ್ರೆ ಚೌಕಟ್ಟಿನ ಪಕ್ಕಗಳ ಧೂಳು ಹೋಗಲ್ಲ, ಮೈ ಉಜ್ಜಿಕೊಂಡು ಬಂದ್ರೆ ಹೋಗುತ್ತೆ. ಬೀಗದ ಕೈ ಇದ್ದ ದರ್ಜಿಯಮ್ಮ ಕಿಂಡಿಯಲ್ಲಿ ಯಾಕೆ ಒದ್ದಾಡ್ತಾಳೆ? ಇನ್ನು ಹತ್ತಿ. ಮೊದಲು ದಿಂಬು, ಆಮೇಲೆ ಹಾಸಿಗೆ, ಆಮೇಲೆ ಸಿಂಹಾಸನ. ಕದ್ದವನಿಗೆ ಬರಬರುತ್ತ ಹೆಚ್ಚು ಹತ್ತಿ ಬೇಕಾಗಿದೆ. ಅದೂ ಮಾಂಸದ ಹಾಗೆ ಜೋತು ಬೀಳೋ ಹಳೇ ಹತ್ತಿ. ತುಂಬಬೇಕಾದ ಜಾಗ ದಿನೇ ದಿನೇ ದೊಡ್ಡದಾಗ್ತಿತ್ತು."

"ಯಾವ ಜಾಗ?" ಎಂದ ಯಜಮಾನ.

"ನನ್ನ ಹಳೇ ಆಫೀಸಿನ ಗೆಳತಿ ಒಬ್ಬಳು ತೂಕ ಇಳಿಸೋ ಇಂಜೆಕ್ಷನ್ ತಗೊಂಡಳು. ಬೇಸಿಗೇಲೂ ಸ್ವೆಟರ್ ಹಾಕ್ತಿದ್ದಳು. ಬರೀ ಕುರ್ಚಿ ಮೇಲೆ ಕೂತ್ರೆ ಮೂಳೆ ಚುಚ್ಚುತ್ತೆ ಅಂತಿದ್ದಳು. ಎರಡು ತುತ್ತಿಗೆ ಊಟ ಸಾಕು. ಪಾದವೂ ಸಣ್ಣಗಾಗಿ ಚಪ್ಪಲಿ ನಿಲ್ತಿರಲಿಲ್ಲ. ಕೆನ್ನೆ ಒಳಗೆ ಹೋಗಿ ಕತ್ತಿನ ಚರ್ಮ ಇಳಿಬಿದ್ದಿತ್ತು. ಗಂಡಸಾದ್ರೆ ಅದನ್ನ ಗಡ್ಡದಲ್ಲಿ, ಮಫ್ಲರಿನಲ್ಲಿ ಮುಚ್ಚಬಹುದು. ಒಂದನ್ನ ಮಾತ್ರ ಮುಚ್ಚೋಕಾಗಲ್ಲ. ಹತ್ತಿ ಹೊಟ್ಟೆ ನಕ್ಕಾಗ ಕುಣಿಯಲ್ಲ. ನನ್ನ ಮೈದುನನಿಗೆ ನಗು ನಿಂತಿದ್ದು ಅದಕ್ಕೇ."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ಸಾಧ್ಯವೇ ಇಲ್ಲ!" ಎಂದು ಯಜಮಾನ ಕೂಗಿದ. "ಅವನು ಆ ಕಿಂಡಿಯಲ್ಲಿ..."

"ಯಾರೂ ನಂಬಲ್ಲ ಅನ್ನೋ ಆ ಧೈರ್ಯದ ಮೇಲೇ ಅವರು ತೂರಿದ್ದು," ಎಂದರು ಅತ್ತಿಗೆ.

ಹೊಟ್ಟೆರಾಯ ಎದ್ದು ಅಂಗಿಯ ಗುಂಡಿ ಬಿಚ್ಚಿದ. ಬೇಡವೆಂದು ದರ್ಜಿಯಮ್ಮ ಕೈ ಚಾಚಿದಳು, ಅವನು ನಿಲ್ಲಿಸಲಿಲ್ಲ. ಹತ್ತಿಯ ಮೂಟೆ ಕೆಳಗೆ ಬಿತ್ತು. ಪುಟ್ಟ ಆಳು, ಅಷ್ಟೇ ಉಳಿದಿದ್ದ. ಹೊಟ್ಟೆಯ ಚರ್ಮ ಬರಿದಾದ ಚೀಲದಂತೆ ಮಡಿಕೆ ಮಡಿಕೆಯಾಗಿ ನೇತಾಡುತ್ತಿತ್ತು, ತೋಳುಗಳೂ ಹಾಗೆಯೇ. ನನಗೆ ನೋಡಲೂ ನಾಚಿಕೆಯಾಯಿತು, ಕಣ್ಣು ತಿರುಗಿಸಲೂ ನಾಚಿಕೆಯಾಯಿತು.

"ಸಕ್ಕರೆ ಕಾಯಿಲೆ. ಹೀಗೇ ಬಿಟ್ರೆ ಎದೆಗೆ ಬರುತ್ತೆ ಅಂತ ಡಾಕ್ಟ್ರು ಆ ಇಂಜೆಕ್ಷನ್ ಕೊಟ್ರು," ಎಂದ. "ದಪ್ಪ ಇದ್ದಾಗಲೂ ನಾಚಿಕೆಯೇ, ಅದನ್ನೇ ಮಾರ್ಕೊಂಡು ಬದುಕಿದೆ. ಈಗ ಸ್ನಾನ ಮಾಡುವಾಗ ನನ್ನ ಮೈ ನಾನೇ ನೋಡಲ್ಲ. ಹೊಟ್ಟೆ ಇಲ್ಲದ ಹೊಟ್ಟೆರಾಯ ಯಾರಿಗೆ ಬೇಕು?"

"ನನಗೆ ಹೇಳಬಹುದಿತ್ತು," ಎಂದಳು ದರ್ಜಿಯಮ್ಮ ಮೆಲ್ಲಗೆ. "ಎಂಥ ಹೊಟ್ಟೆ ಬೇಕಾದ್ರೂ ಹೊಲಿದು ಕೊಡ್ತಿದ್ದೆ. ಒಂದು ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ."

"ನಿನ್ನನ್ನ ಕಳ್ಳಿ ಅಂದ್ರು. ಎದ್ದು ನಿಂತು 'ನಾನು' ಅನ್ನಬೇಕಿತ್ತು. ಅದು ಬಿಟ್ಟು ಎಲ್ಲರನ್ನೂ ನಗಿಸ್ದೆ." ಅವನು ಬಿದ್ದ ಹತ್ತಿಯ ಮೂಟೆಯನ್ನು ಕಾಲಿನಿಂದ ಬದಿಗೆ ಸರಿಸಿದ. "ಈ ಚರ್ಮಕ್ಕಿಂತ ಅದೇ ನಾಚಿಕೆ ನನಗೆ."

ಯಜಮಾನ ತಪ್ಪಾಯಿತೆಂದು ಗೊಣಗಿ, ಟ್ರಂಕನ್ನು ತಾನೇ ಎತ್ತಿ ಒಳಗಿಟ್ಟ. ಆಟದ ಮೊದಲ ಗಂಟೆ ಹೊಡೆಯಿತು. ವೇಷ ಹೊಸ ಮೈಗೆ ಹೊಂದಬೇಕಿತ್ತು. ದರ್ಜಿಯಮ್ಮ ಕಣ್ಣೊರೆಸಿಕೊಂಡು ಟೇಪು ಹಿಡಿದು ಅವನ ಮುಂದೆ ನಿಂತಳು.

"ಕೈ ಎತ್ತಿ. ನಿಮ್ಮ ಅಳತೆ ತಗೋಬೇಕು."

ಇಷ್ಟು ವರ್ಷ ಅವಳ ಬಾಯಲ್ಲಿ ಅವನು 'ಅಣ್ಣ, ನೀನು' ಆಗಿದ್ದವನು. ಹೊಟ್ಟೆರಾಯನ ಮುಖ ಕಪ್ಪಿಟ್ಟಿತು.

"ತಂಗೀ..." ಎಂದ.

"ಸ್ವಲ್ಪ ತಿರುಗಿ," ಎಂದಳು ಅವಳು. "ಬೆನ್ನಿನ ಅಳತೆ ಆಗಿಲ್ಲ."

ಅವನು ತಿರುಗಿ, ಗೋಡೆಗೆ ಮುಖ ಮಾಡಿ, ಎರಡೂ ಕೈ ಎತ್ತಿಕೊಂಡೇ ನಿಂತ.