ಒಬ್ಬನಿಗೇ ಹೊಂದುವ ಸೀಟು

ಸುಟ್ಟ ಹರಳೆಣ್ಣೆಯ ವಾಸನೆ ಎಂದರೆ ನಾಂದೊಗೆ ಅಪ್ಪನ ಹೆಗಲು. ಆ ಹೆಗಲ ಮೇಲೆ ಕೂತು ಅವನು ವಾಲ್‌ಸೆರ್ರಾ ಟ್ರ್ಯಾಕಿನ ಬೇಲಿಯಾಚೆ ಹಾರಿಹೋಗುವ ಕಾರುಗಳನ್ನು ನೋಡಿದ್ದ. ಆ ಕಾಲದ ಎಂಜಿನ್‌ಗಳು ಹರಳೆಣ್ಣೆ ಕುಡಿಯುತ್ತಿದ್ದವು. ಈಗಿನ ಕಾರುಗಳಿಗೆ ಆ ವಾಸನೆಯಿಲ್ಲ. ಆದರೂ ಅರವತ್ತು ದಾಟಿದ ನಾಂದೊ ಅದೇ ಟ್ರ್ಯಾಕನ್ನು ಬಿಟ್ಟುಹೋಗಲಾರದೆ ಅಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ.

ಪಕ್ಕದಲ್ಲಿ ಡಾಕ್ಟರ್ ಓಲಿಂದಾ ಮಾಲಗೋಲಿ ಕುಂಬಳಬೀಜ ಬಿಡಿಸುತ್ತ ಕೂತಿರುತ್ತಿದ್ದರು. ಬಿದ್ದವರ ಮೂಳೆ ಕೂಡಿಸುವುದು ಅವರ ಉದ್ಯೋಗ. ಟ್ರ್ಯಾಕಿನಲ್ಲಿ ಏನು ಕಳೆದುಹೋದರೂ ಜನ ಬಡಿಯುತ್ತಿದ್ದುದು ಮಾತ್ರ ಅವರ ಬಾಗಿಲನ್ನೇ.

ಅಂದು ಕಿರಿಯರ ಚಾಂಪಿಯನ್‌ಶಿಪ್ಪಿನ ಕೊನೆಯ ಶನಿವಾರ. ಮೀಸೆ ಮೂಡದ ಮಕ್ಕಳು ಒಬ್ಬರೇ ಕೂರುವ ಪುಟ್ಟ ಕಾರುಗಳನ್ನು ಗಾಳಿಯಂತೆ ಓಡಿಸುವ ಪಂದ್ಯವದು. ಅರ್ಹತಾ ಸುತ್ತು ಮುಗಿದು, ಊಟದ ಹೊತ್ತೂ ಕಳೆದಿತ್ತು. ಬೆರ್ತೊ ಜಾನೆಲ್ಲಿ ಏದುಸಿರು ಬಿಡುತ್ತ ಬಂದ. ಅಂಕಪಟ್ಟಿಯಲ್ಲಿ ಮೊದಲಿದ್ದ ಎಲಿಯಾನ ಸೋದರಮಾವ, ತಂಡದ ಒಡೆಯ.

"ಡಾಕ್ಟ್ರಮ್ಮಾ, ಎಲಿಯಾನ ಸೀಟು ಕಳುವಾಯ್ತು!"

ನಾಂದೊ ಕಣ್ಣರಳಿಸಿದ. ಆ ಸೀಟು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಚೀಲದೊಳಗೆ ಉಬ್ಬುವ ನೊರೆ ಸುರಿದು, ಮೇಲೆ ಚಾಲಕನನ್ನು ಕೂರಿಸಿ, ಅವನ ಮೈಯ ಅಚ್ಚು ತೆಗೆದು ಮಾಡಿದ್ದು. ಬೇರೆಯವರಿಗೆ ಅದು ಕವಡೆ ಕಿಮ್ಮತ್ತಿನದೂ ಅಲ್ಲ.

"ಕದ್ದೋನು ಅದರಲ್ಲಿ ಹಿಟ್ಟು ಕಲಸ್ತಾನಾ?" ಎಂದ ನಾಂದೊ.

"ನಗಬೇಡ ಮಾರಾಯ. ನಾಳೆ ಎಲಿಯಾ ಓಡದಿದ್ರೆ ಚಾಂಪಿಯನ್ ಕಪ್ಪು ಎರಡನೇ ಸ್ಥಾನದಲ್ಲಿರೋ ಆ ಫ್ಲಾರೆನ್ಸಿನ ಹುಡುಗಿಗೆ, ಫಿಯಮ್ಮೆತ್ತಾಗೆ. ನನ್ನ ಬಿಟ್ರೆ ಗ್ಯಾರೇಜಿನ ಕೀ ಇದ್ದದ್ದು ಮೆಕ್ಯಾನಿಕ್ ಈವೋ ಹತ್ರ. ಬಾಗಿಲು ತೆಗೆದುಕೊಟ್ಟೋನು ಅವ್ನೇ. ಇವತ್ತೇ ಮನೆಗೆ ಕಳಿಸ್ತೀನಿ!"

ಓಲಿಂದಾ ಬೀಜದ ಪೊಟ್ಟಣ ಮಡಚಿ ಎದ್ದರು. ಬೆರ್ತೊ ಗ್ಯಾರೇಜಿನ ಮುಂಬಾಗಿಲಿನ ಬೀಗಕ್ಕೆ ಕೀ ಹುಡುಕುತ್ತಿರುವಾಗಲೇ ಅವರೂ ನಾಂದೊನೂ ಹಿಂದಿನ ಟಾರ್ಪಾಲಿನ ಪರದೆ ಸರಿಸಿ ಒಳಗೆ ನಿಂತಿದ್ದರು.

ಕಾರಿನ ಹೊಟ್ಟೆ ಬರಿದಾಗಿತ್ತು. ಬೆಲ್ಟುಗಳನ್ನು ಯಾರೋ ಮಡಿಸಿಟ್ಟಿದ್ದರು. ತಿರುಪುಗಳು ಒಂದೂ ಉರುಳಿಹೋಗದಂತೆ ಬಟ್ಟಲಲ್ಲಿದ್ದವು. ಹಲಗೆಯ ಮೇಲೆ ನೊರೆಯ ದ್ರಾವಣದ ಎರಡು ಬಾಟಲಿಗಳನ್ನು ನೇರಳೆ ರಿಬ್ಬನ್ನಿನಲ್ಲಿ ಜೋಡಿಯಾಗಿ ಕಟ್ಟಿಟ್ಟಿದ್ದರು.

ಈವೋ, ಎಲಿಯಾರೊಂದಿಗೆ ಬೀಗ ತೆಗೆದು ಒಳಬಂದ ಬೆರ್ತೊ ಅದನ್ನು ಕಂಡವನೇ ದೃಷ್ಟಿ ತಾಗದಿರಲೆಂದು ಕಬ್ಬಿಣದ ಸ್ಪ್ಯಾನರ್ ಮುಟ್ಟಿಕೊಂಡ. "ನೇರಳೆ! ನನ್ನ ಗ್ಯಾರೇಜಿಗೆ ಈ ಅಪಶಕುನ ತಂದೋರು ಯಾರು?"

"ನಾನಲ್ಲ," ಎಂದ ಈವೋ, ಕೈಯಲ್ಲಿ ಎಣ್ಣೆಬಟ್ಟೆ ಹಿಂಡುತ್ತ. "ಇಷ್ಟು ವರ್ಷ ನಿನ್ನ ಎಲ್ಲಾ ಬೈಗುಳ ನುಂಗಿದೀನಿ ಬೆರ್ತೊ. ಕಳ್ಳ ಅಂದದ್ದು ಮಾತ್ರ ಗಂಟಲಲ್ಲಿ ಇಳೀತಿಲ್ಲ."

"ಹೊಸ ಸೀಟು ಮಾಡೋಕೆ ಎಷ್ಟು ಹೊತ್ತು ಬೇಕಪ್ಪ?" ಓಲಿಂದಾ ಕೇಳಿದರು.

"ಸಾಯಂಕಾಲದೊಳಗೆ ಆಗತ್ತೆ."

"ಬೇಡ!" ಬೆರ್ತೊ ಗದರಿದ. "ಹಳೇದು ಹೇಳಿ ಮಾಡಿಸಿದ ಹಾಗಿತ್ತು. ಅದನ್ನೇ ಹುಡುಕಿ."

ಟೈರುಗಳ ಪಕ್ಕ ಎಲಿಯಾ ಪೆಚ್ಚಾಗಿ ನಿಂತಿದ್ದ. ಅವನ ರೇಸಿಂಗ್ ಉಡುಪಿನ ಅಂಚು ಕಾಲಿನ ಗಂಟಿಗಿಂತ ಮೇಲೇರಿತ್ತು. ಓಲಿಂದಾ ಸ್ಟೂಲ್ ಎಳೆದು, "ಕೂತ್ಕೋ ಮಗು," ಎಂದರು.

"ಇಲ್ಲ ಡಾಕ್ಟ್ರೇ, ನಿಂತೇ ಇರ್ತೀನಿ."

ನಾಂದೊ ಅವರ ಮುಖ ನೋಡಿದ. ಅವರ ತುಟಿಯಂಚಿನಲ್ಲಿ ಅವನಿಗೆ ಪರಿಚಯದ ಆ ಸಣ್ಣ ನಗು ಮೂಡಿತ್ತು.

"ನಾಂದೊ, ಫಿಯಮ್ಮೆತ್ತಾನ್ನ ಕರ್ಕೊಂಡು ಬಾ. ಮೆತ್ತಗೆ, ಅವರ ತಂಡದೋರಿಗೆ ಗೊತ್ತಾಗೋದು ಬೇಡ."

ಹುಡುಗಿ ಬಂದಳು. ಕೂದಲು ಬಿಚ್ಚಿ ಹರಡಿತ್ತು. ಎಲ್ಲರೂ ಬರಿದಾದ ಕಾರಿನ ಸುತ್ತ ನಿಂತ ಮೇಲೆ ಓಲಿಂದಾ ಸ್ಟೂಲಿನ ಮೇಲೆ ತಾವೇ ಕೂತರು.

"ಬೆರ್ತೊ, ಎಲಿಯಾನ್ನ ಸೋಲಿಸ್ಬೇಕು ಅಂದ್ಕೊಂಡೋನು ಸೀಟನ್ನ ಯಾವಾಗ ಕದೀತಾನೆ? ನಾಳೆ, ಪಂದ್ಯ ಇನ್ನೇನು ಶುರು ಅನ್ನೋವಾಗ. ಈ ಕಳ್ಳ ಹೊಸದು ಮಾಡೋಕೆ ಬೇಕಾದಷ್ಟು ಹೊತ್ತು ಬಿಟ್ಟ. ತಿರುಪು ಜೋಪಾನವಾಗಿಟ್ಟ. ಸಾಲದು ಅಂತ ಹೊಸ ಸೀಟಿನ ಸಾಮಾನನ್ನೂ ಇಟ್ಟುಹೋದ. ಕದಿಯೋಕೆ ಬಂದು ಮನೆಯಲ್ಲಿ ಹಾಲಿಟ್ಟು ಹೋಗೋ ಕಳ್ಳನ್ನ ಎಲ್ಲಾದ್ರೂ ನೋಡಿದೀಯಾ?"

"ಹಾಗಾದ್ರೆ ಕದ್ದದ್ದಾದ್ರೂ ಯಾಕೆ?"

"ಹಳೇದು ಇವನ ಮೈಗೆ ಸಾಲ್ತಿರ್ಲಿಲ್ಲ. ಉಡುಪಿನ ಅಂಚು ನೋಡು, ಹುಡುಗ ಬೇಸಿಗೇಲಿ ಗೇಣುದ್ದ ಬೆಳೆದಿದಾನೆ. ಮೈ ಬೆಳೀತು, ಅಚ್ಚು ಬೆಳೀಲಿಲ್ಲ. ಸ್ಟೂಲ್ ಕೊಟ್ರೂ ಕೂರ್ಲಿಲ್ಲ. ತೋರಿಸು ಎಲಿಯಾ."

ಎಲಿಯಾ ತಲೆ ತಗ್ಗಿಸಿ ಉಡುಪು ಸರಿಸಿದ. ಸೊಂಟದ ಎರಡೂ ಬದಿಯ ಚರ್ಮ ಕಿತ್ತು ಕೆಂಪಾಗಿತ್ತು.

"ಇನ್ನು, ಬಂದದ್ದು ಯಾರು? ಈವೋ ಬೀಗ ತೆಗೀಬೇಕಾಗಿಲ್ಲ, ಹಿಂದಿನ ಪರದೆಯಿಂದ ನಾನೇ ಬಂದೆ. ನಿನ್ನ ಕೆಲಸದೋರು ಯಾರೂ ಇಲ್ಲಿಗೆ ನೇರಳೆ ತರೋ ಧೈರ್ಯ ಮಾಡಲ್ಲ. ನಮ್ಮ ಕಡೆ ಅದು ಅಪಶಕುನ. ಫ್ಲಾರೆನ್ಸಿನೋರಿಗೆ ಅದು ಊರಿನ ಫುಟ್‌ಬಾಲ್ ತಂಡದ ಬಣ್ಣ. ತೊಟ್ಟಿಲಿಗೂ ಅದೇ, ಜಡೆಗೂ ಅದೇ. ಅಲ್ವೇನಮ್ಮ?"

ಫಿಯಮ್ಮೆತ್ತಾಳ ಕೈ ತಾನಾಗಿ ಕೂದಲಿಗೆ ಹೋಯಿತು.

"ಅರ್ಹತಾ ಸುತ್ತಾದ ಮೇಲೆ ಎಲ್ರೂ ಹೋಗೋ ತನಕ ಇವನು ಕಾರಲ್ಲೇ ಕೂತಿದ್ದ," ಎಂದಳು. "ನಾನೇ ಹಿಡಿದೆತ್ತಿದೆ. ಕಣ್ಣಲ್ಲಿ ನೀರು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ. ಅದಕ್ಕೇ ಹೇಳ್ಲಿಲ್ಲ. ಕದ್ದೆ. ಸೀಟು ನಮ್ಮ ಲಾರೀಲಿದೆ. ಈವೋ ಅಣ್ಣಾ, ನಿನ್ನ ತಲೆಗೆ ಬರತ್ತೆ ಅಂತ ಗೊತ್ತಿರ್ಲಿಲ್ಲ."

"ಸುಮ್ನಿದ್ದಿದ್ರೆ ಕಪ್ಪು ನಿಂದೇ ಆಗ್ತಿತ್ತಲ್ಲೇ ಹುಚ್ಚಿ!" ಎಂದ ನಾಂದೊ.

"ಅಳ್ತಾ ಓಡಿಸೋನ್ನ ಸೋಲಿಸಿ ಯಾವ ಮುಖ ಇಟ್ಕೊಂಡು ಕಪ್ಪು ಎತ್ಲಿ? ನೆಟ್ಟಗೆ ಕೂತು ಓಡಿಸ್ಲಿ, ಆಗ ಸೋಲಿಸ್ತೀನಿ."

ಬೆರ್ತೊ ಅಳಿಯನ ಕಡೆ ತಿರುಗಿದ. ದನಿ ಒಡೆದಿತ್ತು. "ನನಗೊಂದು ಮಾತು ಹೇಳೋಕೇನಾಗಿತ್ತೋ?"

"ಹೋದ ವರ್ಷ ಆ ಇನ್ನೊಬ್ಬ ಹುಡುಗ ಉದ್ದ ಆದಾಗ ಏನಂದೆ ಮಾವ? 'ಕಾರಲ್ಲಿ ಹಿಡಿಸದೋನು ಬಾಸ್ಕೆಟ್‌ಬಾಲ್ ಆಡ್ಕೊಳ್ಳಲಿ' ಅಂದೆ. ಅವನು ಮತ್ತೆ ಬರ್ಲೇ ಇಲ್ಲ."

ಬೆರ್ತೊ ನೇರಳೆ ರಿಬ್ಬನ್ನನ್ನು ಬರಿಗೈಯಲ್ಲೇ ಬಿಚ್ಚಿ, ಬಾಟಲಿಗಳನ್ನು ಈವೋನ ಕೈಗಿಟ್ಟ. "ಸುರಿ ಈವೋ. ನಾನಂದದ್ದು... ತಪ್ಪಾಯ್ತು."

"ಆಮೇಲೆ ಅಳುವಂತೆ. ಮೊದ್ಲು ಚೀಲ ಹಿಡ್ಕೋ," ಎಂದ ಈವೋ.

ಓಲಿಂದಾ ಗಾಯಕ್ಕೆ ಪಟ್ಟಿ ಕಟ್ಟುತ್ತ, "ಹೊಸದ್ರಲ್ಲಿ ನೋಯದಿದ್ರೆ ಮಾತ್ರ ನಾಳೆ ಬಿಡ್ತೀನಿ," ಎಂದರು. ಬೆಳಗಾದ ಮೇಲೆ ಎಲಿಯಾನನ್ನು ಹೊಸ ಸೀಟಿನಲ್ಲಿ ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸಿ, ಬಿಟ್ಟರು.

ಭಾನುವಾರದ ಪಂದ್ಯದಲ್ಲಿ ಕೊನೆಯ ತಿರುವಿನವರೆಗೂ ಇಬ್ಬರೂ ಅಕ್ಕಪಕ್ಕ ಓಡಿದರು. ಗೆರೆ ದಾಟುವಾಗ ಎಲಿಯಾನ ಕಾರಿನ ಮೂತಿ ಒಂದು ಗೇಣು ಮುಂದಿತ್ತು. ಕಪ್ಪು ಅವನ ಪಾಲಾಯಿತು. ಅವನು ಅದನ್ನು ತೆಗೆದುಕೊಳ್ಳಲು ಸಲೀಸಾಗಿ ಬಗ್ಗಿದ್ದನ್ನು ಓಲಿಂದಾ ಗಮನಿಸಿದರು.

ಸಂಜೆ ಡೇರೆಗಳನ್ನು ಬಿಚ್ಚುವಾಗ ನಾಂದೊಗೆ ಫಿಯಮ್ಮೆತ್ತಾ ಕಂಡಳು. ಲಾರಿಯ ಮೆಟ್ಟಿಲಲ್ಲಿ ಒಬ್ಬಳೇ ಕೂತು ಮೂಗೊರೆಸಿಕೊಳ್ಳುತ್ತಿದ್ದಳು. ಸಮಾಧಾನ ಹೇಳೋಣವೆಂದು ಅವನು ಹೆಜ್ಜೆ ಎತ್ತಿದ. ಓಲಿಂದಾ ತೋಳು ಹಿಡಿದು ನಿಲ್ಲಿಸಿದರು.

ಆ ಕಡೆಯಿಂದ ಬೆರ್ತೊ ಬರುತ್ತಿದ್ದ. ಕೈಯಲ್ಲಿ ಬಿಸಿ ತಟ್ಟೆ. ಸೊಪ್ಪು ತುಂಬಿದ ತೊರ್ತೆಲ್ಲಿ ಕಡುಬುಗಳ ಮೇಲೆ ಬೆಣ್ಣೆ ಇನ್ನೂ ಕರಗುತ್ತಿತ್ತು. ಅವನು ತಟ್ಟೆಯನ್ನು ಹುಡುಗಿಯ ಮಡಿಲಲ್ಲಿಟ್ಟು, ಫೋರ್ಕನ್ನು ತನ್ನ ಅಂಗಿಗೆ ಒರೆಸಿ ಅವಳ ಕೈಗೆ ಕೊಟ್ಟು ಹೊರಟುಹೋದ.